ರಾಟೆಯವರು ಕೈ ತೊಳೆದ ಮೇಲೆ

ನಮ್ಮವರು ಕೈ ತೊಳೆಯುವ ದಿನ ಗೊತ್ತಾದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಜಗಲಿಗೆ ಚಾಪೆ ಹಾಸಿ ಒಂದು ಕಂತೆ ವೀಳ್ಯದೆಲೆ ತರಿಸಿದ್ದು. ಹೇಳಿಕೆಯ ವಾರವೆಂದರೆ ಮನೆ ತುಂಬ ಜನ, ಬಂದವರ ಬಾಯಿಗೆ ಏನಾದರೂ ಬೇಕಲ್ಲ. ನಮ್ಮ ಊರಲ್ಲಿ ವಯಸ್ಸಾಗಿ ಕೆಲಸ ಬಿಡುವವರು ಒಂದು ಬೋಗುಣಿ ನೀರಿನಲ್ಲಿ ಕೈ ತೊಳೆಯುತ್ತಾರೆ. ಅವರ ಕೆಲಸಕ್ಕೆ ಬರುವವರೂ ಅದೇ ನೀರಿನಲ್ಲಿ ಕೈ ತೊಳೆಯುತ್ತಾರೆ. ಅಲ್ಲಿಗೆ ಕೆಲಸ ಈ ಕೈಯಿಂದ ಆ ಕೈಗೆ ಹೋಯಿತು. ಕೆಲಸದ ಜೊತೆಗೆ, ಆ ಕೆಲಸದ ಜಾಗದಲ್ಲಿ ಕಂಡದ್ದು, ಕೇಳಿದ್ದು, ಪಟ್ಟ ಸುಖದುಃಖ ಎಲ್ಲವೂ ಹೋಗುತ್ತದೆ. ಮನೆಗೆ ಬಂದು ಹೇಳಿಕೊಂಡದ್ದಷ್ಟೇ, ಹೇಗೆ ಹೇಳಿಕೊಂಡಿದ್ದರೋ ಹಾಗೆಯೇ, ಅವರ ಪಾಲಿಗೆ ಉಳಿಯುವುದು. ಅದಕ್ಕೇ ಕೊನೆಯ ವಾರದಲ್ಲಿ ಮನೆಯವರೂ ನೆರೆಹೊರೆಯವರೂ ಸುತ್ತ ಕೂತು "ಅದು ಹೇಳು, ಇದು ಹೇಳು" ಎಂದು ಬಾಯಿ ಬಿಡಿಸುತ್ತಾರೆ. ಮಿಕ್ಕ ದಿನಗಳಲ್ಲಿ ನಮ್ಮ ಊರಿನ ಗಂಡಸರು ಮನೆಯಲ್ಲಿ ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ನಮ್ಮವರು ಕಮರಿಯ ರಾಟೆ ತಿರುಗಿಸುವವರು. ಊರಿನ ಮೂಡಲಿಗೆ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕೆಳಗೆ ಏನಿದೆಯೋ ಕಂಡವರಿಲ್ಲ, ಹನ್ನೆರಡು ತಿಂಗಳೂ ಮಂಜು ಕವಿದಿರುತ್ತದೆ. ಆಚೆ ದಡಕ್ಕೆ ಹೋಗುವವರು ಹಗ್ಗಕ್ಕೆ ನೇತುಹಾಕಿದ ಮರದ ತೊಟ್ಟಿಲಲ್ಲಿ ಕೂರಬೇಕು, ಈ ಕಡೆ ಒಂದು ಸೂರಿನ ಕೆಳಗೆ ನಿಂತು ನಮ್ಮವರು ರಾಟೆ ತಿರುಗಿಸಬೇಕು. ಮೂವತ್ತು ಚಿಲ್ಲರೆ ವರ್ಷ ತಿರುಗಿಸಿದರು. ಹೆಸರು ಪರಮಯ್ಯ, ಊರು ಕರೆಯುತ್ತಿದ್ದದ್ದು ಅಗುಳಿ ಪರಮಯ್ಯ ಎಂದು. ತೊಟ್ಟಿಲಲ್ಲಿ ಕೂತವರು ಬೀಳದ ಹಾಗೆ ಒಂದು ಅಡ್ಡಪಟ್ಟಿ, ಪಟ್ಟಿಗೆ ಒಂದು ಕಬ್ಬಿಣದ ಅಗುಳಿ. ಇವರು ಅಗುಳಿ ಹಾಕುವರು, ಎಳೆದು ನೋಡುವರು, ರಾಟೆಯ ತನಕ ಹೋದವರು ತಿರುಗಿ ಬಂದು ಮತ್ತೆ ಎಳೆದು ನೋಡುವರು. "ನೀವು ಅಗುಳಿ ನೋಡಿ ಮುಗಿಸೋದ್ರೊಳಗೆ ಅಲ್ಲಿ ಸಂತೆ ಮುಗಿದೋಗಿರುತ್ತೆ, ಪರಮಯ್ಯನೋರೇ" ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಹೇಳಿಕೆಯ ವಾರದಲ್ಲಿ ಅವರು ಎಲ್ಲರನ್ನೂ ದಂಗುಬಡಿಸಿದರು. ನಾಲ್ಕು ಮಾತು ಸೇರಿಸಿ ಆಡಲು ಬಾರದವರು ಎಂದುಕೊಂಡಿದ್ದ ಮನುಷ್ಯ ಚಾಪೆಯ ಮೇಲೆ ಕೂತು ಕಥೆಯ ಮೇಲೆ ಕಥೆ ಹೇಳಿದರು. ನಡುಗಮರಿಯಲ್ಲಿ ಮೂರ್ಛೆ ಹೋದ ಮದುಮಗನ ಕಥೆ. ತೊಟ್ಟಿಲಲ್ಲೇ ಕರು ಹಾಕಿದ ಹಸುವಿನ ಕಥೆ. ಎಡಗೈಯ ಕಿರುಬೆರಳಿನ ತುದಿ ರಾಟೆಯ ಹಲ್ಲಿಗೆ ಸಿಕ್ಕಿ ಹೋದದ್ದು ಹೇಗೆ ಎಂಬುದನ್ನು ಇಷ್ಟು ವರ್ಷಕ್ಕೆ ಆಗ ಕೇಳಿದೆ. ಜಗಳವಾಡಿಕೊಂಡು ಕೂತ ಗಂಡಹೆಂಡಿರು ಆಚೆ ದಡ ಮುಟ್ಟುವಾಗ ಕೈ ಹಿಡಿದಿರುತ್ತಿದ್ದರಂತೆ, ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಲೆಗೆ ಸುಣ್ಣ ಹಚ್ಚುತ್ತಾ ಒಂದು ಕಥೆಗಾಗಿ ಕಾಯುತ್ತಿದ್ದೆ.

ನಮಗೆ ಒಬ್ಬಳೇ ಮಗಳು, ಚಂಪಕ. ಚಂಪಿ ಎಂದು ಕರೆಯುತ್ತಿದ್ದೆವು. ಆಚೆ ದಡದ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿತು ಎಂದು ಒಂದು ಬೆಳಿಗ್ಗೆ ಮೊದಲ ತೊಟ್ಟಿಲಿಗೆ ಹೊರಟಳು. ನಾನು ಬುತ್ತಿ ಕಟ್ಟಿಕೊಟ್ಟೆ. ರಾಟೆಯವರ ಹೆಂಡತಿ ರಾಟೆಯ ಹತ್ತಿರ ಹೋಗಬಾರದು, ತೊಟ್ಟಿಲಲ್ಲಂತೂ ಕೂರಲೇಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ಹಾಗಾಗಿ ಬಾಗಿಲಲ್ಲೇ ನಿಂತೆ. ಅಪ್ಪ ಮಗಳು ಇಬ್ಬರೇ ಹೋದರು. ಸಂಜೆ ಅವರು ಬಂದು, "ದಾಟಿಸ್ದೆ. ಆ ಕಡೆ ಇಳಿದು ಕೈ ಬೀಸಿದ್ಳು" ಎಂದರು. ಆಮೇಲೆ ಅವಳಿಂದ ಸುದ್ದಿಯಿಲ್ಲ. ಸಂತೆಗೆ ಹೋದವರಿಂದ ಗಿರಣಿಯಲ್ಲಿ ಕೇಳಿಸಿದರೆ ಅಂಥ ಹುಡುಗಿ ಬಂದೇ ಇಲ್ಲ ಎಂದರು. ಇನ್ನೂ ದೂರ ಹೋಗಿರಬೇಕು, ಯಾರನ್ನೋ ಕಟ್ಟಿಕೊಂಡಿರಬೇಕು, ಹೆತ್ತವರು ಬೇಡವಾದರು ಎಂದು ಊರೂ ಅಂದಿತು, ನಾನೂ ಅಂದೆ. ಹೆತ್ತ ಹೊಟ್ಟೆಯ ಸಂಕಟವನ್ನೆಲ್ಲ ಸಿಟ್ಟು ಮಾಡಿಕೊಂಡು ಬದುಕಿದೆ. ನಮ್ಮವರು ಮಾತ್ರ ಅವಳನ್ನು ಬೈಯಲೂ ಇಲ್ಲ, ಅವಳ ಹೆಸರೆತ್ತಲೂ ಇಲ್ಲ. ನಾನು ಹೆಸರೆತ್ತಿದರೆ ಎದ್ದು ಹಿತ್ತಿಲಿಗೆ ಹೋಗುವರು.

ವಾರದ ಕೊನೆಯ ದಿನ ಜನವೆಲ್ಲ ಎದ್ದು ಹೋದ ಮೇಲೆ ನಾನೇ ಕೇಳಿದೆ. "ಚಂಪಿನ ದಾಟಿಸಿದ್ದು ಹೇಳಲಿಲ್ಲ ನೀವು. ಅವಳು ತೊಟ್ಟಿಲಲ್ಲಿ ಏನಂದ್ಳು? ಹೇಗೆ ಕೂತಿದ್ಳು? ಅದೊಂದಾದ್ರೂ ಉಳೀಲಿ."

ಅವರು ತಮ್ಮ ಅಂಗೈ ನೋಡಿಕೊಂಡರು. "ಅದನ್ನ ಅವತ್ತೇ ಹೇಳಿದೀನಲ್ಲ, ಸಾವಂತ್ರಿ. ಅಷ್ಟೇ ಇರೋದು" ಎಂದರು. ಆಮೇಲೆ, ನನಗಲ್ಲವೇನೋ ಎನ್ನುವ ಹಾಗೆ, "ನಾಳೆ ಕೈ ತೊಳೆದ್ರೆ ಎಲ್ಲಾ ಮುಗೀತು" ಎಂದರು. ದುಡಿದ ಆಯಾಸಕ್ಕೆ ಆಡಿದ ಮಾತೆಂದು ನಾನು ಚಾಪೆ ಸುತ್ತಿಟ್ಟೆ.

ಅವರ ಕೆಲಸಕ್ಕೆ ಬಂದವಳು ಹೊನ್ನಕ್ಕ. ಎಣ್ಣೆಗಾಣದಲ್ಲಿ ದುಡಿದವಳು, ಗಂಡ ತೀರಿಹೋಗಿದ್ದ, ತೋಳುಗಳು ಒನಕೆಯಷ್ಟು ಗಟ್ಟಿ. ಹೆಂಗಸಿನ ಕೈಗೆ ರಾಟೆಯೇ ಎಂದು ಕೆಲವರು ಗೊಣಗಿದರು. ನೀವೇ ತಿರುಗಿಸಿ ಬನ್ನಿ ಎಂದಾಗ ಸುಮ್ಮನಾದರು. ಇಬ್ಬರೂ ಬೋಗುಣಿಯಲ್ಲಿ ಕೈ ತೊಳೆದರಂತೆ, ಆ ನೀರನ್ನು ಅವಳು ರಾಟೆಯ ಮೇಲೆ ಸುರಿದಳಂತೆ. ನಮ್ಮವರು ಹೆಗಲಿಗೆ ಟವೆಲು ಹಾಕಿಕೊಂಡು ಮನೆಗೆ ಬಂದರು. ಬಂದವರ ಮುಖ ನೋಡಿ ನನಗೆ ಗಾಬರಿಯಾಯಿತು. ಮದುವೆಯಾದ ಹೊಸದರಲ್ಲಿದ್ದ ಮುಖ ಅದು. ಬೆನ್ನು ನೆಟ್ಟಗಾಗಿತ್ತು. "ಏನಡುಗೆ?" ಎಂದು ಕೇಳಿದರು, ತಮ್ಮ ಜನ್ಮದಲ್ಲಿ ಕೇಳದಿದ್ದವರು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮ್ಮ ಊರಿನ ಕೈ ತೊಳೆದವರ ಪಾಡು ಅದಕ್ಕಿಂತ ಕಡೆ. ಹಿಟ್ಟಿನ ಗಿರಣಿಯ ಹಿಂದುಗಡೆಯ ಗೋಡೆ ಬೆಚ್ಚಗಿರುತ್ತದೆ ಎಂದು ಅವರೆಲ್ಲ ಅಲ್ಲಿ ಒರಗಿ ಕೂರುತ್ತಾರೆ. ಶಾಲೆಯ ಹಳೆಯ ಮೇಷ್ಟ್ರು ಅನಂತಪದ್ಮಯ್ಯನವರಿಗೆ ದಾರಿಯಲ್ಲಿ ಹೋಗುವ ಅರ್ಧ ಊರು ಕೈ ಮುಗಿಯುತ್ತದೆ. ಅವರು ಪ್ರತಿ ಸಲವೂ ಪಕ್ಕದವರನ್ನು, "ಯಾರದು? ನನಗ್ಯಾಕೆ ಕೈ ಮುಗೀತಾನೆ?" ಎಂದು ಕೇಳುತ್ತಾರೆ. ಹೆರಿಗೆ ಮಾಡಿಸುತ್ತಿದ್ದ ಮುದುಕಿ ಬಸುರಿಯರನ್ನು ಕಂಡರೆ ಹೆದರಿ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ. ಹೊತ್ತು ಕಳೆಯಲು ಅವರು ತಮ್ಮ ತಮ್ಮ ಮನೆಯಲ್ಲಿ ಉಳಿದ ಕಥೆಗಳನ್ನು ಹೇಳಿಕೊಳ್ಳುತ್ತಾರೆ. ಅವು ಎರಡು ತಿಂಗಳಿಗೆ ಮುಗಿಯುತ್ತವೆ. ಆಮೇಲೆ ಗೋಡೆಗೆ ಒರಗಿ ಗಿರಣಿಯ ಸದ್ದು ಕೇಳುತ್ತಾರೆ. ಒಬ್ಬೊಬ್ಬರೇ ಸೊರಗಿ ಹೋಗುತ್ತಾರೆ. ನಮ್ಮವರೂ ಹಾಗೇ ಆಗಿಬಿಡುತ್ತಾರೆ ಎಂದು ನಾನು ಹೆದರಿದ್ದೆ.

ಅವರು ಸೊರಗಲಿಲ್ಲ. ಅಡುಗೆಮನೆಗೆ ಬಂದು ಕಾಟ ಕೊಟ್ಟರು. ಸಾಸಿವೆ ಡಬ್ಬಿ ಎಲ್ಲಿರಬೇಕು ಎಂದು ನನಗೇ ಬುದ್ಧಿ ಹೇಳಿದರು. ಅಂಗೈಯ ಜಡ್ಡು ತೋರಿಸಿ, "ಇದ್ಯಾಕೆ ಇಷ್ಟು ಗಟ್ಟಿ?" ಎಂದು ಕೇಳಿದರು. ರಾಟೆಯ ಹಿಡಿ ಎಂದು ಹೇಳಿದೆ. "ಓಹೋ" ಎಂದು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ನನಗೆ ಸಂತೋಷವೇ ಆಗಿತ್ತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷಕ್ಕೆ ಮನೆಯಲ್ಲಿ ಒಬ್ಬ ಗಂಡಸು ನಗುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತುತ್ತು ಕಲಸುತ್ತಾ, "ಚಂಪಿಗೆ ಹುರುಳಿ ಸಾರು ಅಂದ್ರೆ ಪ್ರಾಣ ಅಲ್ವೇನೆ?" ಎಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳ ಹೆಸರು ಅವರ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ, ಅವಳು ಹೋದಾಗಿನಿಂದ. ಅವರು ಮುಂದುವರಿಸಿದರು. "ನನಗೊಂದು ತಿಳೀತಾ ಇಲ್ಲ, ಸಾವಂತ್ರಿ. ಮಗಳು ಆ ಕಡೆ ಇಳಿದು ಹೋದೋಳು ಪತ್ತೆಯಿಲ್ಲ ಅಂದ್ರೆ ಇಷ್ಟು ವರ್ಷ ನಾನ್ಯಾಕೆ ಹುಡುಕಲಿಲ್ಲ? ಎಂಥ ಅಪ್ಪ ನಾನು?"

"ರಾಟೆ ಬಿಟ್ಟು ಹೇಗೆ ಹೋಗ್ತಿದ್ರಿ" ಎಂದೆ.

"ಈಗ ಪುರುಸೊತ್ತಾಗಿದೆಯಲ್ಲ. ಹೋಗಿ ಕರ್ಕೊಂಡು ಬರ್ತೀನಿ."

ಅಂದಿನಿಂದ ಅವರಿಗೆ ಬೇರೆ ಮಾತೇ ಇಲ್ಲ. ಸಂತೆಯಿಂದ ಬಂದವರನ್ನೆಲ್ಲ ಹಿಡಿದು ಆಚೆ ದಡದ ಊರುಗಳ ಹೆಸರು ಕೇಳಿದರು. ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದರು. ಬೆಳಿಗ್ಗೆ ನಡೆದು ನಡೆದು ಕಾಲು ಪಳಗಿಸಿದರು. ಗಿರಣಿಯ ಗೋಡೆಯ ಮುದುಕರು ಅವರನ್ನು ಕಂಡು ಹೊಟ್ಟೆಕಿಚ್ಚುಪಟ್ಟರು. ಕೈ ತೊಳೆದ ಮೇಲೂ ಒಂದು ಕೆಲಸ ಉಳಿದಿರುವ ಮನುಷ್ಯನನ್ನು ಅವರು ನೋಡಿರಲಿಲ್ಲ. ನನಗೂ ಆಸೆ ಚಿಗುರಿತು. ಪೆಟ್ಟಿಗೆಯಿಂದ ಚಂಪಿಯ ಹಸಿರು ಲಂಗ ತೆಗೆದು ಬಿಸಿಲಿಗೆ ಹಾಕಿದೆ. ಈಗ ಅವಳಿಗೆ ಅದು ಎಲ್ಲಿಗಾದೀತು ಎಂದು ನನ್ನಷ್ಟಕ್ಕೆ ನಕ್ಕೆ.

ಆ ಲಂಗ ಒಣಗುತ್ತಿದ್ದಾಗಲೇ ಹೊನ್ನಕ್ಕ ಹಿತ್ತಿಲ ಬಾಗಿಲಿಗೆ ಬಂದಳು. ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಕಣ್ಣ ಕೆಳಗೆ ಕಪ್ಪು. "ಅಕ್ಕಾ, ಒಂದ್ ಮಾತು" ಎಂದು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನೀರು ಕೊಟ್ಟೆ. ಕುಡಿಯಲಿಲ್ಲ.

"ಅಣ್ಣೋರು ಆಚೆಗೆ ಹೋಗ್ತಾರಂತೆ, ಊರೆಲ್ಲಾ ಅಂತಾ ಐತೆ. ನಾನು ತಿರುಗಿಸ್ಬೇಕಲ್ಲಕ್ಕ, ಅದುಕ್ಕೇ ಬಂದೆ. ಚಂಪಿ ದಾಟಲಿಲ್ಲ, ಅಕ್ಕ."

"ಏನಂದೆ?"

"ನಡುವಿನ ಗಂಟ ಹೋಗಿತ್ತು ತೊಟ್ಲು. ಮಗು ಎದ್ದು ನಿಂತ್ಕಂಡು ಹಿಂದಕ್ಕೆ ತಿರುಗ್ತು. ಅಪ್ಪಾ ಅಂತು. ಮುಂದಿಂದು ಗಾಳಿಗೆ ಕೇಳಿಸ್ನಿಲ್ಲ. ಅಗುಳಿ ಹಾಕಿರ್ನಿಲ್ಲ, ಅಕ್ಕ. ಕಣ್ಣು ತುಂಬ್ಕಂಡಿದ್ವು ಅವತ್ತು, ಮರ್ತೋಯ್ತು. ಪಟ್ಟಿ ತೆರ್ಕಂತು. ಅಷ್ಟೇ." ಅವಳು ತನ್ನ ಎರಡು ಕೈಗಳನ್ನೂ ಮುಂದೆ ಚಾಚಿದಳು. "ಆಮ್ಯಾಕೆ ಖಾಲಿ ತೊಟ್ಲ ಆ ದಡದ ಗಂಟ ತಿರುಗಿಸ್ದೆ. ಯಾಕೋ ತಿಳೀದು. ಮುಟ್ಟಿಸ್ದೆ, ತಿರ್ಗ ವಾಪಸ್ ತಂದೆ."

ಅವಳು ತಿರುಗಿಸಿದೆ ಎಂದಳು, ತಿರುಗಿಸಿದರು ಎನ್ನಲಿಲ್ಲ. ನಾನು ಆ ಕಲ್ಲಿನ ಹತ್ತಿರ ನೆಲದಲ್ಲಿ ಕೂತೆ. ಅಗುಳಿಯನ್ನು ಎಳೆದೆಳೆದು ನೋಡುತ್ತಿದ್ದದ್ದು, ಹೆಸರೆತ್ತಿದರೆ ಎದ್ದು ಹೋಗುತ್ತಿದ್ದದ್ದು, ನಾಳೆ ಕೈ ತೊಳೆದರೆ ಮುಗಿಯಿತು ಎಂದದ್ದು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಸತ್ತ ಮಗುವನ್ನು ನಾನು ಇಷ್ಟು ವರ್ಷ ಕೃತಘ್ನೆ ಎಂದು ಬೈದಿದ್ದೆ. ಅವರು ಅದನ್ನು ಕೇಳಿಸಿಕೊಂಡು ಹಿತ್ತಿಲಲ್ಲಿ ನಿಲ್ಲುತ್ತಿದ್ದರು. ಆಡದೆ ಬಿಟ್ಟರೆ ಅದು ಕೆಲಸದ ಜೊತೆಗೇ ಹೋಗಿ ತೊಲಗುತ್ತದೆ ಎಂದುಕೊಂಡಿರಬೇಕು ಪಾಪ. ಹೋಗಿತ್ತು, ಇವಳ ಕೈಗೆ.

"ನನ್ನ ಕೈಯೇ ಅಗುಳಿ ಹಾಕ್ನಿಲ್ಲ ಅನ್ಸುತ್ತಕ್ಕ. ಅನ್ನ ಕಲಸೋಕಾಗಲ್ಲ ಈ ಕೈಲಿ. ನನ್ನ ಒಂದ್ಸಲ ಬೈದ್ಬುಡಿ. ಇಲ್ಲಾ, ಹೋಗ್ಲಿ ಬುಡು ಅಂತ ಅಂದ್ಬುಡಿ. ಯಾವ್ದೋ ಒಂದು ಅನ್ನಿ."

ನನಗೆ ಎರಡೂ ಬಾಯಿಗೆ ಬರಲಿಲ್ಲ. ಬೈಸಿಕೊಳ್ಳಬೇಕಾದವರು, ಕ್ಷಮೆ ಕೇಳಬೇಕಾದವರು ಮುಂದಿನ ಜಗಲಿಯಲ್ಲಿ ಕೂತು ದಾರಿಬುತ್ತಿಗೆಂದು ಕಡಲೆಕಾಯಿ ಸುಲಿಯುತ್ತಿದ್ದರು, ಗುನುಗಿಕೊಳ್ಳುತ್ತಾ. ಹೊನ್ನಕ್ಕನ ಕೈಗಳನ್ನು ಹಿಡಿದುಕೊಂಡು ನಾನು ಅತ್ತೆ. ಅವಳೂ ಅತ್ತಳು, ಹೆತ್ತವಳ ಹಾಗೆ.

ಆ ದಿನ, ಮಾರನೆಯ ದಿನ, ಹೇಳಲೋ ಬೇಡವೋ ಎಂದು ಒದ್ದಾಡಿದೆ. ಹೇಳಿದರೆ ಮತ್ತೆ ಆ ಹಳೆಯ ಮುಖ, ಆ ಬಾಗಿದ ಬೆನ್ನು. ಹೇಳದಿದ್ದರೆ ಈ ವಯಸ್ಸಿನಲ್ಲಿ ಊರೂರು ಅಲೆದು, ಇಲ್ಲದ ಮಗಳನ್ನು ಹುಡುಕಿ, ಎಲ್ಲಿಯೋ ಬಿದ್ದು ಸಾಯುತ್ತಾರೆ. ನನಗೆ ಸಿಟ್ಟೂ ಬಂದಿತ್ತು. ನೀನು ಹೊತ್ತದ್ದನ್ನು ನೀನೇ ಹೊರಬೇಕು, ಅಲ್ಲದಿದ್ದರೆ ನನ್ನ ಜೊತೆಗಾದರೂ ಹೊರಬೇಕು ಎಂದು ಸಿಟ್ಟು. ಮೂರನೆಯ ದಿನ ಅವರು ಚೀಲಕ್ಕೆ ಅವಲಕ್ಕಿ ತುಂಬುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಖಾಲಿ ತೊಟ್ಟಿಲನ್ನೂ ಬಿಡಲಿಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಭುಜ ಸವರಿದರು. "ಯಾರೋ ನಿನ್ನ ತಲೆ ಕೆಡಿಸಿದಾರೆ, ಸಾವಂತ್ರಿ. ನಾನೇ ಅಲ್ವೇನೆ ಬಂದು ಹೇಳಿದ್ದು? ನೀನು ರಾಗಿ ಬೀಸ್ತಿದ್ದೆ. ದಾಟಿಸ್ದೆ, ಆ ಕಡೆ ಇಳಿದು ಕೈ ಬೀಸಿದ್ಳು ಅಂದೆ. ನನಗೆ ಚೆನ್ನಾಗಿ ನೆನಪಿದೆ."

"ಅದು ಸುಳ್ಳು. ಸುಳ್ಳು ಹೇಳಿದ್ರಿ ನೀವು."

"ನಾನು ನಿನ್ನ ಹತ್ರ ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಇಲ್ಲ, ಹೇಳಿರಲಿಲ್ಲ. ಇಡೀ ಜನ್ಮದಲ್ಲಿ ಒಂದೇ ಒಂದು ಸುಳ್ಳಾಡಿದ ಮನುಷ್ಯನಿಗೆ ಅದು ಸುಳ್ಳೆಂದು ಒಪ್ಪಿಸುವುದು ಹೇಗೆ? "ಅವಳು ಹೋದ ದಿನ ರಾತ್ರಿ ಹಿತ್ತಿಲಲ್ಲಿ ನಿಂತು ಅತ್ರಲ್ಲ, ಅದ್ಯಾಕೆ?" ಎಂದು ಕೇಳಿದೆ. "ಮಗಳು ಮನೆ ಬಿಟ್ಟು ಹೋದ್ಳಲ್ಲ ಅಂತ ಅತ್ತೆ. ಯಾವ ಅಪ್ಪ ಅಳಲ್ಲ?" ಎಂದರು. ಹೊನ್ನಕ್ಕನನ್ನು ಕರೆಸಲೇ ಎಂದೆ. "ಪಾಪ, ಆ ಹೆಂಗಸಿಗೆ ಕೆಲಸ ಹೊಸದು. ಒಂಟಿಯಾಗಿ ಆ ಮಂಜು ನೋಡ್ತಾ ನಿಂತ್ರೆ ಏನೇನೋ ಕಾಣುತ್ತೆ" ಎಂದು ಅವಲಕ್ಕಿಯ ಚೀಲದ ಬಾಯಿ ಕಟ್ಟಿದರು. ಅವರ ಮುಖದಲ್ಲಿ ನನ್ನ ಮೇಲೆ ಮರುಕವಿತ್ತು. ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ.

ಹೊರಡುವ ದಿನ ಬೆಳಿಗ್ಗೆ ನಾನೂ ಸೀರೆ ಬದಲಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟೆ. "ನೀನೆಲ್ಲಿಗೆ?" ಎಂದರು. "ನೀವೀಗ ರಾಟೆಯವರಲ್ಲ. ನಾನು ತೊಟ್ಟಿಲಲ್ಲಿ ಕೂರಬಹುದು" ಎಂದೆ. ಅವರಿಗೆ ಅದು ತುಂಬ ಹಿಡಿಸಿತು. "ಅದೂ ಸರಿಯೇ. ಅವಳು ನನ್ನ ಮಾತು ಕೇಳದಿದ್ರೂ ನಿನ್ನ ಮಾತು ಕೇಳ್ತಾಳೆ" ಎಂದು ನನ್ನ ಗಂಟನ್ನೂ ತಾವೇ ಹೊತ್ತುಕೊಂಡರು. ಒಬ್ಬಳೇ ಆ ಮನೆಯಲ್ಲಿ ಆ ಹಸಿರು ಲಂಗದ ಜೊತೆ ಇರಲಾರೆ ಎಂದಷ್ಟೇ ಗೊತ್ತಿತ್ತು. ಅವರ ಜೊತೆಯಲ್ಲಿ ನಡೆದರೆ ಒಂದು ಗಳಿಗೆಯಾದರೂ ಅವರ ಮಾತನ್ನು ನಂಬಿಯೇನು ಎಂಬ ದುರಾಸೆಯೂ ಇತ್ತು.

ಹೊನ್ನಕ್ಕ ನಮ್ಮನ್ನು ಕಂಡು ತೊಟ್ಟಿಲನ್ನು ದಡಕ್ಕೆ ಎಳೆದು ಹಿಡಿದಳು. ನಮ್ಮವರು, "ಏನಮ್ಮ, ರಾಟೆ ಭಾರವೇ?" ಎಂದು ವಿಚಾರಿಸಿದರು. "ಭಾರ, ಅಣ್ಣ" ಎಂದಳು. ಅಡ್ಡಪಟ್ಟಿ ಎಳೆದು ಅಗುಳಿ ಹಾಕಿದಳು. ಎಳೆದು ನೋಡಿದಳು. ರಾಟೆಯ ತನಕ ಹೋಗಿ ತಿರುಗಿ ಬಂದು ಮತ್ತೆ ಎಳೆದಳು. ನಮ್ಮವರು ನನ್ನ ಕಿವಿಯಲ್ಲಿ, "ಬಲು ಅಂಜುಬುರುಕಿ ಕಣೆ ಇವಳು" ಎಂದು ನಕ್ಕರು.

ತೊಟ್ಟಿಲು ದಡ ಬಿಟ್ಟಿತು. ನನ್ನ ಕಾಲ ಕೆಳಗಿನಿಂದ ನೆಲ ಜಾರಿಹೋಯಿತು, ಹಗ್ಗ ಕಿರುಗುಟ್ಟಿತು. ಅವರು ನನ್ನ ಕೈ ಹಿಡಿದುಕೊಂಡು, ಮಗಳು ಸಿಕ್ಕರೆ ಮೊದಲು ಏನು ಹೇಳಬೇಕು, ಗಂಡನಿದ್ದರೆ ಅವನನ್ನೂ ಕರೆಯಬೇಕು, ಮಕ್ಕಳಿದ್ದರೆ ಯಾರ ಹೋಲಿಕೆ ಇರಬಹುದು ಎಂದು ಹೇಳುತ್ತಲೇ ಇದ್ದರು. ನಡುವಿಗೆ ಬಂದೆವು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಎರಡು ದಡವೂ ಒಂದೇ ದೂರದಲ್ಲಿ ಕಂಡವು. ನಾನು ಪಟ್ಟಿಯ ಮೇಲೆ ಬಾಗಿದೆ.

"ಕೆಳಗೆ ನೋಡ್ಬೇಡ, ತಲೆ ಸುತ್ತುತ್ತೆ" ಎಂದರು.

ನೋಡಿದೆ. ಬಿಳಿ ಮಂಜು, ಅದರ ಕೆಳಗೆ ಇನ್ನೂ ಮಂಜು. ತಾಯಿಯಾದವಳಿಗೆ ಏನಾದರೂ ಕಂಡೀತು ಎಂದುಕೊಂಡಿದ್ದೆ. ಏನೂ ಕಾಣಲಿಲ್ಲ. ಆಗ ನನ್ನೊಳಗಿನಿಂದ, ನಾನು ತಡೆಯುವ ಮೊದಲೇ ಅವಳ ಹೆಸರು ಹೊರಬಂತು. "ಚಂಪೀ..." ಎಂದು ಆ ಮಂಜಿಗೆ ಕೂಗಿದೆ.

ನಮ್ಮವರ ಮುಖ ಅರಳಿತು. "ಹಾಗೆ ಕೂಗು! ಆ ಕಡೆಗೆ ತಿರುಗಿ ಕೂಗು, ಗಾಳಿ ಅತ್ತ ಬೀಸ್ತಿದೆ, ಕೇಳಿಸಿದ್ರೂ ಕೇಳಿಸೀತು" ಎಂದು ತಾವೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಎದುರು ದಡದ ಕಡೆಗೆ ಕೂಗಿದರು. ಹಿಂದೆ ಹೊನ್ನಕ್ಕ ರಾಟೆ ನಿಲ್ಲಿಸಿರಬೇಕು, ತೊಟ್ಟಿಲು ಮುಂದೆ ಹೋಗಲಿಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ. ಅವರು ಎದುರಿಗೆ ಕೂಗುತ್ತಿದ್ದರು, ನಾನು ಕೆಳಕ್ಕೆ ಕೂಗುತ್ತಿದ್ದೆ.